ಬಸ್‌ಸ್ಟ್ಯಾಂಡ್ ಕಿಟಕಿಯೂ ನನ್ನ ಎಸ್ಸೆಸ್ಸೆಲ್ಸಿ ಕಿವಿಯೂ

ಮಧುಗಿರಿ ಬಸ್‌ಸ್ಟ್ಯಾಂಡಿನ ಎದುರಿಗೆ ಮನೆ ಮಾಡಿದವರಿಗೆ ಎರಡು ಕಾಟ ತಪ್ಪುವುದಿಲ್ಲ. ಒಂದು ಧೂಳು, ಇನ್ನೊಂದು ಬೇರೆಯವರ ಮನೆ ಸಮಾಚಾರ. ಧೂಳನ್ನಾದರೂ ಗುಡಿಸಿ ಹಾಕಬಹುದು. ಸಮಾಚಾರ ನನ್ನ ಅಡುಗೆಮನೆ ಕಿಟಕಿಗೇ ಬಂದು ನಿಲ್ಲುತ್ತದೆ, ಅದೂ ಒಲೆಯ ಮೇಲೆ ಮುದ್ದೆ ಇದ್ದಾಗಲೇ.

ಸರಿ ಬುಡಿ, ಗೊತ್ತಾಯ್ತು

ಇದೆಲ್ಲ ಶುರುವಾದದ್ದು ನನ್ನ ಮೈದುನನಿಂದ. ವಯಸ್ಸು ಇಪ್ಪತ್ತಾರು. ರಾಗಿ ಮೂಟೆಯನ್ನು ಒಂದೇ ಕೈಯಲ್ಲಿ ಎತ್ತುತ್ತಾನೆ, ಬುದ್ಧಿ ಮಾತ್ರ ನಾಲ್ಕು ವರ್ಷದ ಕೂಸಿನದು. ನನ್ನ ಮಗಳಿಗಿನ್ನೂ ಒಂದು ತುಂಬಿಲ್ಲ. ಇಬ್ಬರಿಗೂ ಒಂದೇ ಬಟ್ಟಲಿನಲ್ಲಿ ಅನ್ನ ಕಲಸುತ್ತೇನೆ.

ನಮ್ಮತ್ತೆ ಇರುವ ತನಕ ಅವನು ಹಸುವಿನಂತಿದ್ದ. ಅವರು ತೀರಿಕೊಂಡ ಮೇಲೆ ದಿನಾ ಬೆಳಿಗ್ಗೆ ಸ್ನಾನದ ಹೊತ್ತಿಗೆ ಬಚ್ಚಲಲ್ಲಿ ಕೂತು ಗೋಡೆಗೆ ತಲೆ ಚಚ್ಚಿಕೊಳ್ಳತೊಡಗಿದ. ರಕ್ತ ಬಂದರೂ ಬಿಡುತ್ತಿರಲಿಲ್ಲ. ಹಿಡಿಯಲು ನಾಲ್ಕು ಜನ ಬೇಕು.

ಮಾವ ಫಾರೆಸ್ಟ್ ಗಾರ್ಡ್ ಆಗಿದ್ದು ರಿಟೈರಾದವರು. ಅವರ ಮೀಸೆ ಕಂಡರೆ ಬಸ್ಸಿನ ಡ್ರೈವರುಗಳೂ ಬೀಡಿ ಬಚ್ಚಿಡುತ್ತಾರೆ. ಒಂದು ದಿನ ಹೇಳಿಬಿಟ್ಟರು:

"ಯುಗಾದಿ ಕಳೀಲಿ ಕಣಮ್ಮ. ಬೆಂಗಳೂರು ಆಸ್ಪತ್ರೇಲಿ ಬುಟ್ಟು ಬತ್ತೀನಿ."

ಬಿಟ್ಟು ಬರುವುದು ಎಂದರೆ ಏನೆಂದು ನನಗೆ ಗೊತ್ತಿತ್ತು. ಹಾಗೆ ಬಿಟ್ಟು ಬಂದವರನ್ನು ಮತ್ತೆ ಕರೆತಂದ ಮನೆ ನಾನು ನೋಡಿಲ್ಲ.

ಯುಗಾದಿಗೆ ಮೂರು ತಿಂಗಳಿತ್ತು. ನನ್ನ ಗಂಡ ಬಸ್ ಕಂಪನಿಯಲ್ಲಿ ಬುಕಿಂಗ್ ಗುಮಾಸ್ತ, ಕಂಡಕ್ಟರುಗಳೆಲ್ಲ ನನ್ನ ಕೈ ಕಾಫಿ ಕುಡಿದವರು. "ನಿಮ್ಮ ನಿಮ್ಮ ಊರಲ್ಲಿ ಇಂಥ ಮಕ್ಕಳಿರುವ ಮನೆಯವರನ್ನು ಕೇಳಿ. ರೊಚ್ಚಿಗೆದ್ದರೆ ಹೆಂಗೆ ಸಮಾಧಾನ ಮಾಡ್ತಾರೆ, ತಿಳಿದುಕೊಂಡು ಬನ್ನಿ" ಎಂದು ಎಲ್ಲರಿಗೂ ಹೇಳಿದೆ. ನಾನು ಕೇಳಿದ್ದು ಉತ್ತರ. ನಾಲ್ಕು ತಾಲ್ಲೂಕಿನಿಂದಲೂ ಬಂದದ್ದು ಪ್ರಶ್ನೆ! ಮಧುಗಿರಿಯಲ್ಲಿ ಯಾರೋ ಇದನ್ನೆಲ್ಲ ವಿಚಾರಿಸಿಕೊಳ್ಳುತ್ತಾರಂತೆ ಎಂದು ಸುದ್ದಿಯಾಯಿತು. ಯಾರನ್ನು ಕರೆಸಬೇಕು, ಯಾರ ಮನೆಯಲ್ಲಿ ಎರಡು ದಿನ ಇಡಬೇಕು, ಎಲ್ಲವೂ ನನ್ನ ಕಿಟಕಿಯಿಂದಲೇ ಆಗತೊಡಗಿತು.

ಒಮ್ಮೆ ಗೌಡಗೆರೆಯಿಂದ ಯಾರೋ ಹುಡುಕಿಕೊಂಡು ಬಂದರು. ಆಗಷ್ಟೇ ಮೈದುನನ ರಂಪ ಮುಗಿದಿತ್ತು. ಕಂಕುಳಲ್ಲಿ ಕಿರುಚುವ ಮಗು, ಒಂದು ಕೈಯಲ್ಲಿ ಮುದ್ದೆ ಕೋಲು, ಬಿಚ್ಚಿದ ತಲೆಗೂದಲು, ಮೊಣಕೈವರೆಗೆ ರಾಗಿಹಿಟ್ಟು. ಹೀಗೆ ಬಾಗಿಲಿಗೆ ಬಂದೆ.

"ತಲೆ ಸರಿ ಇಲ್ದೋರ ಮನೆ ಇದೇಯೇನಮ್ಮ?" ಎಂದರು.

ಉತ್ತರ ಕೊಡುವ ಮೊದಲೇ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಸರಿ ಬುಡಿ, ಗೊತ್ತಾಯ್ತು" ಎಂದು ಚಪ್ಪಲಿ ಬಿಟ್ಟು ಒಳಗೆ ಬಂದರು.

ಅಪ್ಪ ಯಾರಿಗೆ ಬೇಕು

ಸಿರಾ ಬಸ್ಸಿನ ಕಂಡಕ್ಟರ್ ಒಂದು ಮಧ್ಯಾಹ್ನ ಓಡುತ್ತ ಬಂದ.

"ಅಕ್ಕಾ, ಸಿರಾದ ಟೈಲರ್ ಸಾಹೇಬರ ಮಗ ಕತ್ತರಿ ಇಡ್ಕೊಂಡು ಅಂಗಡಿ ಬಾಗಿಲು ಆಕ್ಕೊಂಡವ್ನೆ. ಅಪ್ಪಾ ಅಪ್ಪಾ ಅಂತ ಒಂದೇ ಕೂಗು. ಬೇಗ ಕಳ್ಸಿ ಅಂತ ಅವ್ರಮ್ಮ ಏಳ್ಕಳ್ಸವ್ರೆ."

ಆ ಮಗನೂ ನಮ್ಮವನಂಥವನೇ. ಸಾಹೇಬರು ಗುಂಡಿ, ದಾರ ಕೊಳ್ಳಲು ಅದೇ ದಿನ ಮಧುಗಿರಿಗೆ ಬಂದಿದ್ದರು. ಹೋಟೆಲಿನಲ್ಲಿ ಊಟಕ್ಕೆ ಕೂತವರನ್ನು ಕೈ ತೊಳೆಯಲೂ ಬಿಡದೆ ಎಬ್ಬಿಸಿ ಬಸ್ ಹತ್ತಿಸಿದೆ. ಎಂಥ ಕೆಲಸ ಮಾಡಿದೆ ಎಂದು ನನಗೇ ನನ್ನ ಮೇಲೆ ಮೆಚ್ಚುಗೆ.

ಸಂಜೆ ಬಸ್ಸಿಗೇ ಸಾಹೇಬರು ವಾಪಸ್ಸು ಬಂದರು. ಮುಖ ಕೆಂಡವಾಗಿತ್ತು.

"ಅವನು ಕೂಗಿದ್ದು ಅಪ್ಪ ಅಲ್ಲ ತಾಯಿ, ಆಪಾ! ಆಪಾ ಅಂದ್ರೆ ಅಕ್ಕ. ನನ್ನ ಮಗಳು. ಇಲ್ಲೇ ನಿಮ್ಮ ಹಿಂದಿನ ಬೀದಿಗೆ ಕೊಟ್ಟಿದೀವಿ. ನಾನು ಬಾಗಿಲು ತಟ್ಟಿದರೆ ಒಳಗಿನಿಂದ 'ತುಮ್ ನಕ್ಕೋ' ಅಂತಾನೆ. ನೀನು ಬೇಡ ಅಂತ!"

ಮಗಳು ಬುರ್ಖಾ ಹಾಕಿಕೊಂಡು ಆಗಲೇ ಅಪ್ಪನ ಜೊತೆ ಹೊರಟಳು. ಮದುವೆಗೆ ಮುಂಚೆ ಅಕ್ಕ ಕಾಜ ಹೊಲಿಯುತ್ತಿದ್ದರೆ ತಮ್ಮ ಪಕ್ಕದಲ್ಲಿ ಕೂತು ದಾರ ಸುತ್ತುತ್ತಿದ್ದನಂತೆ. ಅವಳು ಬಾಗಿಲ ಹೊರಗೆ ಕೂತು, "ದಾರ ಸಿಕ್ಕಾಗಿದೆಯಲ್ಲೋ, ಯಾರು ಬಿಡಿಸಿಕೊಡ್ತಾರೆ?" ಎಂದಳಂತೆ, ಅಷ್ಟೇ. ಬಾಗಿಲು ತೆಗೆದನಂತೆ. ಅಲ್ಲಿಂದ ಹದಿನೈದು ದಿನಕ್ಕೊಮ್ಮೆ ಅವಳನ್ನು ಸಿರಾಕ್ಕೆ ಕಳಿಸುವ ಏರ್ಪಾಡಾಯಿತು.

ಸಾಹೇಬರು ಮುಂದಿನ ವಾರ ನನ್ನ ಮಗಳಿಗೊಂದು ಲಂಗ ಹೊಲಿದು ತಂದರು. ಹೋಗುವಾಗ ಮೆಲ್ಲಗೆ ಹೇಳಿದರು: "ಇನ್ನು ಮುಂದೆ ಯಾರಾದರೂ ಅಪ್ಪ ಬೇಕು ಅಂದ್ರೆ ಎರಡು ಸಲ ಕೇಳಿ ತಾಯಿ. ನಮ್ಮ ಮನೇಲಿ ಅಪ್ಪ ಇದುವರೆಗೆ ಯಾರಿಗೂ ಬೇಕಾಗಿಲ್ಲ."

ಅವ್ವ

ಇದು ಪುರವರ ಎಂಬ ಊರಿನ ಕತೆ. ಪಾವಗಡ ಕಡೆಯ ಹುಡುಗಿ, ವಯಸ್ಸು ಹದಿನೆಂಟು, ಬರುವ ಮಾತು ಹತ್ತೋ ಹನ್ನೆರಡೋ. ಕಡ್ಲೆಕಾಯಿ ಕೀಳುವ ಕಾಲದಲ್ಲಿ ನೋಡಿಕೊಳ್ಳುವವರಿಲ್ಲವೆಂದು ಪುರವರದ ಚಿಕ್ಕಪ್ಪನ ಮನೆಗೆ ಬಿಟ್ಟಿದ್ದರು. ಮೂರು ದಿನದಿಂದ ಅನ್ನ ಮುಟ್ಟಿಲ್ಲ, ಕೈಗೆ ಸಿಕ್ಕಿದ್ದನ್ನೆಲ್ಲ ಬಾವಿಗೆ ಎಸೆಯುತ್ತಾಳೆ, ಅವ್ವ ಅವ್ವ ಎಂದು ಅಳುತ್ತಾಳೆ ಎಂದು ಚಿಕ್ಕಪ್ಪ ಹೇಳಿಕಳಿಸಿದರು.

ನಾನು ಕಾರ್ಡು ತೆಗೆದು, ಎಸ್ಸೆಸ್ಸೆಲ್ಸಿ ಪಾಸಾದವಳಿಗೆ ತಕ್ಕ ಕನ್ನಡದಲ್ಲಿ "ತಾಯಿಯವರು ಕೂಡಲೇ ಹೊರಟು ಬರತಕ್ಕದ್ದು" ಎಂದು ಬರೆದು ಪಾವಗಡದ ಬಸ್ಸಿಗೆ ಕೊಟ್ಟೆ. ತಾಯಿ ಹೊಲ ಬಿಟ್ಟು ಬಂದರು. ಮಗಳು ಅವರನ್ನು ನೋಡಿ ಗೋಡೆ ಕಡೆ ತಿರುಗಿ, ಮತ್ತೆ "ಅವ್ವ" ಎಂದಳು.

ಆಕೆ ಸೀದಾ ನನ್ನ ಕಿಟಕಿಗೆ ಬಂದರು. "ಎವರಮ್ಮಾ ಈ ಕಾರ್ಡು ಬರೆದಿದ್ದು? ನನ್ನ ಅವಳು ಅಮ್ಮ ಅಂತಾಳೆ. ನಮ್ಮ ತೆಲುಗಲ್ಲಿ ಅವ್ವ ಅಂದ್ರೆ ಅಜ್ಜಿ!"

ಕಂಡಕ್ಟರ್ ಬಾಯಲ್ಲಿ 'ಅವ್ವ' ಎಂದೇ ಹೇಳಿಕಳಿಸಿದ್ದರೆ ಸರಿಯಾದ ಜನವೇ ಬರುತ್ತಿದ್ದರು. ನಾನು ಓದಿದ್ದೇ ತಪ್ಪಾಯಿತು.

ಅಜ್ಜಿ ಬಂದರು. ಬಾಯಲ್ಲಿ ಒಂದೂ ಹಲ್ಲಿಲ್ಲ. ಹುಡುಗಿ ಅವರ ಮಡಿಲಲ್ಲಿ ಮುಖ ಹುದುಗಿಸಿ ಅತ್ತಳು, ಆಮೇಲೆ ಅಷ್ಟೂ ದಿನದ ಅನ್ನವನ್ನು ಒಂದೇ ಸಲ ಉಂಡಳು. ತಾಯಿಗೆ ತಡೆಯಲಾಗಲಿಲ್ಲ.

"ಹೆತ್ತೋಳು ನಾನು, ಎತ್ತಿ ಆಡಿಸ್ದೋಳು ನಾನು. ಈ ಮುದುಕಿ ಏನು ಮಾಡವ್ಳೆ ಅಂತ?"

ಅಜ್ಜಿ ಎಲೆಅಡಿಕೆ ಕುಟ್ಟುತ್ತಲೇ ಹೇಳಿದರು: "ನೇನು ತಿಟ್ಟನು ಗದಾ." ನಾನು ಬೈಯಲ್ಲವಲ್ಲ!

ಆಡು

ಊರವರಿಗೆಲ್ಲ ಬೇಕಾದವರನ್ನು ಹುಡುಕಿಕೊಟ್ಟೆ. ನನ್ನ ಮನೆಯ ಬಚ್ಚಲಲ್ಲಿ ಕೂತವನಿಗೆ ಏನು ಬೇಕೆಂದು ಮಾತ್ರ ಹೊಳೆಯಲಿಲ್ಲ. ತಲೆ ಚಚ್ಚಿಕೊಳ್ಳುವಾಗ ಅವನು ಹೇಳುತ್ತಿದ್ದದ್ದು ಎರಡೇ ಮಾತು: "ಆಡು ಬೇಕು."

ಆಟವಾಡು ಎನ್ನುತ್ತಿದ್ದಾನೆ ಎಂದುಕೊಂಡು ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಚ್ಚಲಲ್ಲಿ ಕುಂಟೆಬಿಲ್ಲೆ ಆಡಿದೆ. ಜಾರಿ ಬಿದ್ದು ಸೊಂಟ ಹಿಡಿಯಿತು. ಆಮೇಲೆ ನಿಘಂಟು ನೋಡಿದೆ. ಆಡು ಎಂದರೆ ಮೇಕೆ! ಸರಿ, ಪುರವರದಿಂದ ಒಂದು ಮೇಕೆ ತರಿಸಿದೆ. ಅದು ಬಂದ ದಿನವೇ ನನ್ನ ಗಂಡನ ಟಿಕೆಟ್ ಪುಸ್ತಕ ತಿಂದುಹಾಕಿತು. ಕೊರಟಗೆರೆಗೆ ಹೋಗುವವರಿಗೆಲ್ಲ ಎರಡು ದಿನ ಚೀಟಿ ಬರೆದುಕೊಟ್ಟರು. ಮೈದುನ ಮೇಕೆಯ ಮುಖ ನೋಡಿದ, ನನ್ನ ಮುಖ ನೋಡಿದ, ಮತ್ತೆ ತಲೆ ಚಚ್ಚಿಕೊಂಡ.

ಯುಗಾದಿ ಕಳೆಯಿತು. ಸೋಮವಾರ ಹತ್ತು ಗಂಟೆಯ ಬೆಂಗಳೂರು ಬಸ್ಸಿಗೆ ಮಾವನಿಗೂ ಮೈದುನನಿಗೂ ಸೀಟು. ಮಾವ ಹಳೇ ಕೋಟು ತೊಟ್ಟು ಅಂಗಳದಲ್ಲಿ ನಿಂತಿದ್ದರು. ಕೊನೆಯ ಸಲ ಸ್ನಾನ ಮಾಡಿಸೋಣವೆಂದು ನಾನು ಚೊಂಬು ಎತ್ತಿದೆ, ಅವನು ಶುರುಮಾಡಿದ. ಅತ್ತೆ ಇದ್ದಾಗ ನಮ್ಮಿಬ್ಬರಿಗೂ ದಿನಾ ಜಗಳ. ಅವರಿಗೆ ನಾನು ಸಮ, ನನಗೆ ಅವರು ಸಮ. ಅವತ್ತು ಅವರು ಒಂದು ಗಳಿಗೆ ಬಂದು ನನ್ನನ್ನು ಬೈದು, ಇವನನ್ನು ಎಬ್ಬಿಸಿ ಹೋಗಬಾರದೇ ಅನ್ನಿಸಿತು.

ಅವನನ್ನು ನೋಡಿ ಹೋಗಲೆಂದು ಪಕ್ಕದ ಮನೆಯ ಅಜ್ಜಿ ಬಂದಿದ್ದರು. "ಏನು ಕೇಳ್ತಾವ್ನೆ?" ಎಂದರು.

"ಆಡು ಅಂತಾನೆ ಅಜ್ಜಿ. ಮೇಕೆ ತಂದುಕೊಟ್ಟರೂ..."

"ಅಯ್ ನಿನ್ನ ಓದಿಗಿಷ್ಟು! ನಮ್ಮಲ್ಲಿ ಮೇಕೇನ ಯಾರವ್ವ ಆಡು ಅಂದರು? ಮೇಕೆ ಅಂದ್ರೆ ಮೇಕೇನೆ. ಆಡು ಅಂದ್ರೆ ಆಡು, ಬಾಯಾಗೆ ಏಳೋದು! ನೀರು ಉಯ್ಯುವಾಗ ನಿಮ್ಮತ್ತೆ ಏಳ್ತಿದ್ಲಲ್ಲ!"

ಹಾಡು! ಇಡೀ ಮಧುಗಿರಿ 'ಹ' ನುಂಗುತ್ತದೆ. ನಾನೊಬ್ಬಳು ಅದನ್ನು ಉಚ್ಚರಿಸುತ್ತೇನೆಂಬ ಜಂಬದಲ್ಲಿ ಕಿವಿ ಮುಚ್ಚಿಕೊಂಡಿದ್ದೆ. ಅತ್ತೆ ಇದ್ದಾಗ ಅವನ ಸ್ನಾನದ ಹೊತ್ತಿಗೆ ನಾನು ಬಸ್ಸುಗಳ ಗದ್ದಲದಲ್ಲಿ ಅಡುಗೆಮನೆ ಒಲೆಯ ಮುಂದೆ ಇರುತ್ತಿದ್ದೆ.

"ಯಾವ ಹಾಡು ಅಜ್ಜಿ?"

"ಅದು ನಂಗೆಂಗೆ ಗೊತ್ತು? ಮೆಲ್ಲಗೆ ಏಳ್ಕಂಡು ನಗೋಳು. ಒಲೆಗೆ ಸೌದೆ ಇಡ್ತಾ ಕುಂತಿರ್ತಿದ್ದ ನಿಮ್ಮಾವನ್ನ ಕೇಳು."

ಎಲ್ಲರೂ ಮಾವನ ಕಡೆ ತಿರುಗಿದೆವು. ಮಾವ ಕೆಮ್ಮಿದರು. "ಅದೆಲ್ಲ ಏನಿಲ್ಲ ಬುಡು" ಎಂದರು. ಒಳಗೆ ತಲೆ ಗೋಡೆಗೆ ಬಡಿಯುವ ಸದ್ದು ಕೇಳುತ್ತಲೇ ಇತ್ತು. ಮಾವ ಕೋಟು ಬಿಚ್ಚಿದರು. ಬಚ್ಚಲಿಗೆ ಹೋಗಿ ನನ್ನ ಕೈಯಿಂದ ಚೊಂಬು ಕಿತ್ತುಕೊಂಡು, ಕಾಡೆಲ್ಲ ನಡುಗಿಸಿದ ಆ ಗಂಟಲಿನಲ್ಲಿ, ಮಗನ ತಲೆ ಮೇಲೆ ನೀರು ಹುಯ್ಯುತ್ತ ಶುರುಮಾಡಿದರು:

"ಮೀಸೆ ನೋಡಿ ಮೋಸ ಓದೆ, ಕೂಸೇ...
ಕಾಡು ಕಾಯೋ ಸೂರ ಗಂಡ, ಕೂಸೇ
ಕೋಳಿ ಕಂಡ್ರೆ ಓಡೋ ಗಂಡ, ಕೂಸೇ..."

ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಓಡಿದರು. ನಾನು ನಗಲೂ ಆಗದೆ ಅಳಲೂ ಆಗದೆ ನಿಂತೆ. ನಮ್ಮತ್ತೆ ದಿನಾ ಗಂಡನಿಗೆ ಕೇಳುವಂತೆ ಗಂಡನನ್ನೇ ಬೈದು ಹಾಡಿದ್ದರು, ಗಂಡ ದಿನಾ ಸೌದೆ ಇಡುವ ನೆಪದಲ್ಲಿ ಕೂತು ಕೇಳಿದ್ದರು. ಮೈದುನ ತಲೆ ಚಚ್ಚುವುದನ್ನು ನಿಲ್ಲಿಸಿ ಬಾಯಿ ತೆರೆದು ಅವರನ್ನೇ ನೋಡುತ್ತಿದ್ದ.

ಹೊರಗೆ ಬಸ್ಸಿನ ಹಾರನ್ ಆಯಿತು. ನನ್ನ ಗಂಡ ಓಡಿಬಂದರು. "ಅಪ್ಪಾ, ಬಸ್ಸು ಒಂಟೋಯ್ತದೆ!"

"ಓಗ್ಲಿ ಬುಡ್ಲಾ," ಎಂದರು ಮಾವ, ಕಣ್ಣಿಗೆ ನೀರು ಚಿಮುಕಿಸಿಕೊಂಡು. "ಆ ಆಸ್ಪತ್ರೇಲಿ ಈ ಆಡು ಯಾವನಿಗೆ ಬತ್ತದೆ?"

ಮೈದುನ ಅಪ್ಪನ ಕೈ ಹಿಡಿದು ಚೊಂಬನ್ನು ಮತ್ತೆ ತನ್ನ ತಲೆ ಮೇಲೆ ಎತ್ತಿಸಿದ. ಅಷ್ಟು ತಿಂಗಳಾದ ಮೇಲೆ ಮೊದಲ ಸಲ ನಕ್ಕ.

"ಅಪ್ಪಾ, 'ಮೀಸೆ ತೆಗುದ್ರೆ ಕಪಿ ಮೂತಿ' ಬುಟ್ಬುಟ್ಟೆ. ಮದ್ಲಿಂದ ಏಳು."