ಬೇಡವಾದ ನಾಯಿಗೊಂದು ಹೆಸರು

ಹೈದರಾಬಾದಿನ ಮಣಿಕೊಂಡದ ನಮ್ಮ ಅಪಾರ್ಟ್‌ಮೆಂಟಿನವರಿಗೆ ಕರುಣೆ ಉಕ್ಕಲು ದೊಡ್ಡ ಕಾರಣವೇನೂ ಬೇಕಿಲ್ಲ, ಫೋನಿನಲ್ಲಿ ನೆಟ್‌ವರ್ಕ್ ಇದ್ದರೆ ಸಾಕು. ಪಾರಿವಾಳ, ಬೆಕ್ಕು, ಮೇಲಿನ ಮನೆಯ ಸೊಸೆ, ಹೀಗೆ ಎಲ್ಲರ ಮೇಲೂ ಒಂದೊಂದು ಸಲ ಉಕ್ಕಿ ಇಳಿದಿದೆ. ಈ ಸಲ ಬೀದಿನಾಯಿಯ ಸರದಿ.

ಅಡ್ಡ ನಿಂತವಳು

ಗೇಟಿನ ಮುಂದೆ ಮಲಗಿದ್ದ ಕಂದು ನಾಯಿಯ ಹಿಂಗಾಲಿನ ಮೇಲೆ ಯಾರೋ ಬೈಕ್ ಹಾಯಿಸಿ ಹೋದರು. ಕೂಡಲೇ ವಾಟ್ಸಾಪ್ ಗುಂಪಿನಲ್ಲಿ ಅದರ ಫೋಟೋ ಬಂತು. ಹಿಂದೆಯೇ ಅಳುವ ಮುಖಗಳು, ಮುಗಿದ ಕೈಗಳು, ‘ಯಾರಾದರೂ ಬೇಗ ಆಸ್ಪತ್ರೆಗೆ ಒಯ್ಯಿರಿ’ ಎಂಬ ಕೋರಿಕೆಗಳು. ‘ಯಾರಾದರೂ’ ಎಂಬ ಹೆಸರಿನವನೊಬ್ಬ ನಮ್ಮ ಕಟ್ಟಡದಲ್ಲಿದ್ದಿದ್ದರೆ, ಪಾಪ, ಓಡಾಡಿಯೇ ಸತ್ತಿರುತ್ತಿದ್ದ.

ನಾನು ಹಳೆಯ ಬೆಡ್‌ಶೀಟ್ ಹಿಡಿದು ಇಳಿದೆ. ಎದುರು ಫ್ಲಾಟಿನ ಮೈಸೂರಿನ ಯುವಕನೂ ಬಂದ. ಅವನು ಹೈದರಾಬಾದಿಗೆ ಹೊಸಬ, ಕರುಣೆಯನ್ನು ಮನೆಯಲ್ಲೇ ಕೂತು ತೋರಿಸಬೇಕೆಂಬುದು ಗೊತ್ತಿರಲಿಲ್ಲ. ಒದ್ದಾಡುತ್ತಿದ್ದ ನಾಯಿಯತ್ತ ಬಗ್ಗುವಷ್ಟರಲ್ಲಿ ಮೂರನೇ ಮಹಡಿಯಾಕೆ ಬಾಲ್ಕನಿಯಿಂದ ಕೂಗಿದಳು: “ಮೇಡಂ, ಕೊಂಚೆಂ ಪಕ್ಕಕಿ ಜರಗಂಡಿ!”

ಸಹಾಯಕ್ಕೆ ಇಳಿದು ಬರುತ್ತಾಳೆಂದು ಪಕ್ಕಕ್ಕೆ ಸರಿದೆ. ವಿಡಿಯೋಗೆ ನಾನು ಅಡ್ಡವಾಗಿದ್ದೆನಂತೆ.

ಇದು ನಗುವ ಮಾತೇ?

ಬೆಡ್‌ಶೀಟಿನಲ್ಲಿ ಸುತ್ತಿದ ನಾಯಿಯನ್ನು ಯುವಕ ಎತ್ತಿಕೊಂಡು ಸ್ಟ್ಯಾಂಡಿನಲ್ಲಿದ್ದ ಆಟೋ ಹತ್ತಿರ ಹೋದ. ಡ್ರೈವರ್ ನೋಡಿದವನೇ ಕೈ ಅಡ್ಡ ಮಾಡಿದ: “ನಕ್ಕೋ ಭಾಯ್, ನಕ್ಕೋ!”

ಯುವಕನ ಮುಖ ಕೆಂಪಾಯಿತು. “ಏನ್ ಮೇಡಂ ಈ ಮನುಷ್ಯ! ನಾಯಿ ಪ್ರಾಣ ಬಿಡ್ತಿದೆ, ನಕ್ಕೋ ನಕ್ಕೋ ಅಂತಾನೆ. ಇದ್ರಲ್ಲಿ ನಗೋಕೇನಿದೆ?”

“ನಗು ಅನ್ನಾಕತ್ತಿಲ್ಲಪಾ. ಇಲ್ಲಿ ನಕ್ಕೋ ಅಂದ್ರ ಬ್ಯಾಡ ಅಂತ” ಎಂದೆ.

ಏನು ಗಲಾಟೆ ಎಂದು ಡ್ರೈವರ್ ಕೇಳಿದ. ಕನ್ನಡದಲ್ಲಿ ಅವನ ‘ಬೇಡ’ಕ್ಕೆ ‘ನಕ್ಕುಬಿಡು’ ಎಂಬ ಅರ್ಥವಿದೆಯೆಂದು ಹಿಂದಿಯಲ್ಲಿ ಹೇಳಿದೆ. ಅವನು ಹ್ಯಾಂಡಲ್ ಹಿಡಿದುಕೊಂಡೇ ನಕ್ಕ. ಅಷ್ಟು ನಕ್ಕ ಮೇಲೆ ಇಲ್ಲವೆನ್ನಲಾಗದೆ ಹತ್ತಿಸಿಕೊಂಡ. ದಾರಿಯುದ್ದಕ್ಕೂ ಹಳ್ಳ ಬಂದಾಗಲೆಲ್ಲ ಹಿಂದೆ ತಿರುಗಿ ನಾಯಿಗೆ “ನಕ್ಕೋ ಬೇಟಾ, ನಕ್ಕೋ” ಎಂದು ತನ್ನ ಹೊಸ ಕನ್ನಡದಲ್ಲಿ ಸಮಾಧಾನ ಹೇಳಿದ. ಆ ಆಟೋದಲ್ಲಿ ನಗದೆ ಇದ್ದದ್ದು ನಾಯಿ ಒಂದೇ.

ಯಾವ ಪರ್ಸೋಂ?

ಕಾಲಿಗೆ ಪ್ಲಾಸ್ಟರ್ ಹಾಕಿದ ವೈದ್ಯರು, ಹುಚ್ಚುನಾಯಿ ರೋಗದ ಇಂಜೆಕ್ಷನ್ ಆಗಿದೆಯೇ ಎಂದು ಕೇಳಿದರು. ನಮ್ಮ ಅಸೋಸಿಯೇಷನ್ ಕಾರ್ಯದರ್ಶಿಗೆ ಸ್ಪೀಕರ್ ಹಾಕಿ ಫೋನ್ ಮಾಡಿದೆ. ಅವರು ನಮ್ಮ ರಾಯಚೂರು ಕಡೆಯವರೇ, ಸರ್ಕಾರಿ ನೌಕರಿಯಲ್ಲಿ ಇಲ್ಲೇ ಕೂದಲು ನರೆಸಿದವರು. ಎಲ್ಲರಿಗೂ ಸಾಹೇಬರು.

“ಪರ್ಸೋಂ ಹಾಕ್ಸೀವಲ್ರಿ ಅಕ್ಕಾರ!” ಎಂದರು.

“ಮೊನ್ನೆ ಆಗಿದೆ ಡಾಕ್ಟರ್” ಎಂದ ಯುವಕ, ನಿಶ್ಚಿಂತೆಯಿಂದ. ವೈದ್ಯರು ಈ ಊರಿನವರು. ಕನ್ನಡಕ ತೆಗೆದು ಕೇಳಿದರು: “ಯಾವ ಪರ್ಸೋಂ?”

ಹೈದರಾಬಾದಿನಲ್ಲಿ ನಿನ್ನೆಯ ಆಚೆಗಿನದೆಲ್ಲ ಪರ್ಸೋಂ, ನಾಳೆಯ ಆಚೆಗಿನದೂ ಪರ್ಸೋಂ. ಸಾಹೇಬರ ಮದುವೆಯೂ ಪರ್ಸೋಂ ಆದದ್ದೇ, ಈಗ ಮೊಮ್ಮಗಳು ಕಾಲೇಜಿಗೆ ಹೋಗುತ್ತಾಳೆ. ವೈದ್ಯರು ಹೊಸದಾಗಿ ಚುಚ್ಚಿ, “ಕಾಲು ಕೂಡುವವರೆಗೆ ಒಳಗಿರಿಸಿ. ಬೀದಿಗೆ ಬಿಟ್ಟರೆ ಕಾಲು ಹೋದಂತೆಯೇ” ಎಂದರು.

ಮತ್ತೆ ಫೋನ್ ಮಾಡಿದೆ. “ಸಾಹೇಬ್ರ, ಪಾರ್ಕಿಂಗ್‌ನಾಗ ಇಟ್ಕೋತೀನ್ರಿ.”

“ಮೀಟಿಂಗ್‌ನಾಗ ಕೇಳೂಣ್ರಿ. ಪರ್ಸೋಂ ಇಡ್ತೀನಿ.”

ಆ ಪರ್ಸೋಂ ಬರುವಷ್ಟರಲ್ಲಿ ನಾಯಿಗೆ ಮುಪ್ಪು ಬಂದೀತೆಂದು, ನನ್ನ ಕಾರನ್ನು ಬೀದಿಗೆ ಬಿಟ್ಟು ಅದರ ಜಾಗದಲ್ಲಿ ನಾಯಿಯನ್ನು ಮಲಗಿಸಿದೆ.

ಮೀಟಿಂಗ್

ನಾಯಿ ಒಳಗೆ ಬಂದದ್ದೇ ತಡ, ಪರ್ಸೋಂ ಅದೇ ಭಾನುವಾರ ಬಂದುಬಿಟ್ಟಿತು. ಗುಂಪಿನಲ್ಲಿ ‘ನಮ್ಮ ಬೀದಿಯ ಕಂದ’ ಆಗಿದ್ದದ್ದು ರಾತ್ರೋರಾತ್ರಿ ‘ನಿಮ್ಮ ನಾಯಿ’ ಆಗಿತ್ತು. ಅದಕ್ಕೆ ಚೆಂದಚೆಂದದ ಹೆಸರು ಸೂಚಿಸಿದವರೆಲ್ಲ ಇದ್ದರು, ತಿನ್ನಲು ತಂದವರಿರಲಿಲ್ಲ. ದಿನಾ ಸಂಜೆ ಬನ್ನು ತರುತ್ತಿದ್ದವನು ಆ ಆಟೋ ಡ್ರೈವರ್. ಗೇಟಿನಿಂದಲೇ “ನಕ್ಕೋ!” ಎಂದು ಕರೆಯುತ್ತಿದ್ದ, ನಾಯಿ ಕುಂಟಿಕೊಂಡು ಓಡುತ್ತಿತ್ತು.

ಪಾರ್ಕಿಂಗ್‌ನಲ್ಲಿ ಎಲ್ಲರೂ ಸೇರಿದರು. ಇಸ್ತ್ರಿ ಮಾಡಿದ ಬಿಳಿ ಪೈಜಾಮದಲ್ಲಿ ಸಾಹೇಬರು ಎದ್ದು ನಿಂತರು. “ಕರುಣಾ ಇರ್ಲಿ, ಯಾರು ಬ್ಯಾಡ ಅಂದಾರ? ಗೇಟಿನ ಹೊರಗ ಇರ್ಲಿ. ಒಳಗ ಮಾತ್ರ ನಾಯಿ ನಕ್ಕೋ!”

ಮೂಲೆಯಲ್ಲಿ ಎರಡು ಕಿವಿ ನಿಮಿರಿದವು.

“ಕೇಳಿಸ್ತಿಲ್ರಿ? ನಕ್ಕೋ ಅಂದ್ರ ನಕ್ಕೋ!”

ನಾಯಿ ಪ್ಲಾಸ್ಟರ್ ಎಳೆದುಕೊಂಡು ಬಂದು ಅವರ ಕಾಲ ಬಳಿ ಕೂತಿತು. ಸಾಹೇಬರು ಹಿಂದೆ ಸರಿದು ಇನ್ನೂ ಜೋರಾಗಿ “ಏ, ನಕ್ಕೋ!” ಎಂದರು. ಅದು ಮುಂಗಾಲುಗಳನ್ನು ಪೈಜಾಮದ ಮೇಲಿಟ್ಟು ಜೇಬಿನಲ್ಲಿ ಬನ್ನು ಹುಡುಕಿತು.

“ಬ್ಯಾಡ ಅನ್ನೋರು ಬಾಯಿ ಬಿಟ್ಟು ಹೇಳ್ರಿ!” ಎಂದು ಸಾಹೇಬರು ಕೂಗಿದರು. ಮೂರನೇ ಮಹಡಿಯಾಕೆ “ನಕ್ಕೋ” ಎಂದಳು. ನಾಯಿ ಅವಳತ್ತ ತಿರುಗಿತು. ಅವಳು ಸೀರೆ ಎತ್ತಿಕೊಂಡು ಕುರ್ಚಿ ಹತ್ತಿದಳು. ಆಮೇಲೆ ಒಬ್ಬರೂ ಬಾಯಿ ಬಿಡಲಿಲ್ಲ. ಸಾಹೇಬರು ಕುರ್ಚಿಗೆ ಕುಸಿದರು, ನಾಯಿ ಮರಳಿ ಬಂದು ಅವರ ತೊಡೆ ಏರಿ ಕೆನ್ನೆ ನೆಕ್ಕಿತು.

“ಆತಪಾ, ಕಾಲು ಕೂಡೋ ತನಕ ಇರ್ಲಿ! ಮೊದಲ ಇದನ್ನ ಇಳಸ್ರಿ!” ಎಂದರು ಸಾಹೇಬರು, ಕೆನ್ನೆ ಒರೆಸಿಕೊಳ್ಳುತ್ತ. ಮೈಸೂರಿನ ಯುವಕ ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಸಾಹೇಬರು ಕೆರಳಿ ಕೇಳಿದರು: “ಏನಲೇ ತಮ್ಮಾ, ಯಾಕ ನಗಾಕತ್ತಿ?”

“ನೀವೇ ತಾನೇ ಸಾರ್ ಆಗಿನಿಂದ ನಕ್ಕೋ ನಕ್ಕೋ ಅಂತಿರೋದು!”