ಎಡಗಿವಿಯ ಪಿಟೀಲು

ಒಳ್ಳೆಯ ಸಂಗೀತ ಕೇಳಬೇಕೆಂಬ ಆಸೆ ತಪ್ಪಲ್ಲ. ಅದನ್ನೇ ಇನ್ನಷ್ಟು ಚೆನ್ನಾಗಿ ಕೇಳಬೇಕೆಂಬ ಆಸೆ ಹುಟ್ಟಿತೋ, ಅಲ್ಲಿಗೆ ಮನೆಯ ನೆಮ್ಮದಿ ಕೆಟ್ಟಿತೆಂದೇ ಲೆಕ್ಕ. ಕೃಷ್ಣಮೂರ್ತಿಪುರಂನ ನಮ್ಮ ಬಾಡಿಗೆ ಮನೆಗೆ ರೇಡಿಯೋ ಬಂದಾಗ ನಾನು ಸುಖವಾಗಿಯೇ ಇದ್ದೆ. ಆಮೇಲೆ ಹಳೆ ಸಾಮಾನಿನ ಅಂಗಡಿಯಲ್ಲಿ, ಯುದ್ಧ ಮುಗಿದ ಮೇಲೆ ಹರಾಜಿಗೆ ಬಂದ ಮಿಲಿಟರಿ ಹೆಡ್‌ಫೋನೊಂದು ಕಣ್ಣಿಗೆ ಬಿತ್ತು. ಅದನ್ನು ಹಾಕಿಕೊಂಡು ಕಣ್ಣು ಮುಚ್ಚಿದರೆ ಬೀದಿಯ ಜಟಕಾ, ಪಕ್ಕದ ಮನೆಯ ಒರಳು ಎಲ್ಲ ಮಾಯವಾಗಿ, ಪಿಟೀಲು ನನಗೊಬ್ಬನಿಗೇ ನುಡಿಯುತ್ತದೆಂದು ಕನಸು ಕಂಡೆ.

ತಂದು ಸಿಕ್ಕಿಸಿದರೆ ಪಿಟೀಲು ಬಾವಿಯ ತಳದಲ್ಲಿ ನರಳಿದಂತಿತ್ತು. ರೇಡಿಯೋ ರಿಪೇರಿಯ ಬಸವಯ್ಯನವರಲ್ಲಿಗೆ ಓಡಿದೆ. ಅವರು ಎರಡನ್ನೂ ತಿರುಗಿಸಿ ನೋಡಿ, "ರೇಡಿಯೋನೂ ಚೆನ್ನಾಗದೆ, ಇದೂ ಚೆನ್ನಾಗದೆ ಸ್ವಾಮಿ. ಜೋಡಿ ಸರಿಯಿಲ್ಲ ಅಷ್ಟೆ. ಜಾತಕ ನೋಡ್ದೆ ಮದ್ವೆ ಮಾಡ್ಬುಟ್ಟಿದ್ದೀರಿ!" ಎಂದರು. ಎರಡಕ್ಕೂ ಹೊಂದಿಕೆಯಾಗಲೆಂದು ನಡುವೆ ಪುಟ್ಟದೊಂದು ಟ್ರಾನ್ಸ್‌ಫಾರ್ಮರ್ ಕೂರಿಸಿಕೊಟ್ಟರು. ಮನೆಗೆ ಬಂದು ಕೇಳಿದೆ. ಬಲಗಿವಿಗೆ ಪಿಟೀಲು ಜೇನಿನ ಹಾಗೆ ಇಳಿಯಿತು. ಎಡಗಡೆ ಮಾತ್ರ ವಿದ್ವಾಂಸರು ಕಂಬಳಿ ಹೊದ್ದು ನುಡಿಸುತ್ತಿದ್ದರು.

ಅಲ್ಲಿಂದ ನನಗೆ ನಿದ್ದೆಯಿಲ್ಲ. ವಾಲ್ವ್ ಬದಲಾಯಿಸಿದೆ. ತೆಂಗಿನ ಮರಕ್ಕೆ ಏರಿಯಲ್ ಕಟ್ಟಿಸಿದೆ. ಜಯಲಕ್ಷ್ಮಿಪುರಂನ ಗೆಳೆಯನೊಬ್ಬನ ಆಂಪ್ಲಿಫೈಯರನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಜಟಕಾದಲ್ಲಿ ತಂದೆ. ಹೆಡ್‌ಫೋನನ್ನೇ ಅದಲುಬದಲು ಮಾಡಿ ಹಾಕಿಕೊಂಡೆ. ಆಗಲೂ ಎಡಗಡೆಯೇ ಮಂಕು. ಸರಿ, ಈಗ ಇನ್ನೊಂದು ಕಡೆಯದೂ ಕೆಟ್ಟಿತು ಎಂದು ತೀರ್ಮಾನಿಸಿದೆ. ಇಪ್ಪತ್ತು ವರ್ಷ ಗುಮಾಸ್ತಗಿರಿ ಮಾಡಿದವನ ತರ್ಕ ಅಷ್ಟಕ್ಕೇ ನಿಲ್ಲುತ್ತದೆ.

ಒಂದು ಭಾನುವಾರ ಸಂಜೆ, ಸಾಕ್ಷಿಗೆ ಇರಲೆಂದು ಹೆಂಡತಿ ಕಮಲಳನ್ನು ಕರೆದು ಅವಳ ಕಿವಿಗೆ ತೊಡಿಸಿದೆ. ಅವಳ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಮುರಿಯುತ್ತಿದ್ದ ಹುರುಳಿಕಾಯಿ ಕೈಯಲ್ಲೇ ಉಳಿಯಿತು. ಒಳಗೆ ಸಾರು ಉಕ್ಕಿ ಒಲೆ ಚುಂಯ್ ಎಂದರೂ ಅವಳು ಅಲುಗಲಿಲ್ಲ. ಮದುವೆಯಾದ ಹದಿನೈದು ವರ್ಷದಲ್ಲಿ ಅಂಥ ಮುಖ ನಾನು ಕಂಡಿರಲಿಲ್ಲ.

"ಎಡಗಡೆ ಕೇಳಿಸ್ತಿದ್ಯೇನೇ?" ಎಂದು ಕೂಗಿದೆ.

"ಎರಡೂ ಕಡೆ ಚೆನ್ನಾಗೇ ಕೇಳಿಸ್ತಿದೆ ಕಣ್ರೀ," ಎಂದವಳು ಥಟ್ಟನೆ ಹೆಡ್‌ಫೋನ್ ತೆಗೆದಳು. "ಅಂದ್ರೆ ನಿಮ್ಗೆ ಎಡಗಿವಿ ಕೇಳ್ಸಲ್ವೇನ್ರೀ? ಆ ಕಡೆ ಕೂತು ಎಷ್ಟು ಮಾತಾಡ್ದೆ! ಒಂದಕ್ಕೂ ಹೂಂ ಅನ್ಲಿಲ್ಲ. ನನ್ಮೇಲೆ ಬೇಜಾರು ಬಂದ್ಬುಟ್ಟಿದೆ ಅಂತ ಸುಮ್ನಾಗ್ಬುಟ್ಟೆ."

ಅವಳ ಕಣ್ಣು ತುಂಬಿತ್ತು. ರೇಡಿಯೋ, ತಂತಿ, ವಾಲ್ವ್ ಎಲ್ಲವನ್ನೂ ಬಿಚ್ಚಿ ನೋಡಿದವನು ನನ್ನನ್ನೊಬ್ಬನನ್ನು ಬಿಟ್ಟಿದ್ದೆ.

ಮರುದಿನ ಡಾಕ್ಟರು ಎಡಗಿವಿಗೆ ಉಗುರುಬೆಚ್ಚಗಿನ ನೀರು ಬಿಟ್ಟು, ಕಡಲೆಕಾಳಿನಷ್ಟು ಗುಗ್ಗೆ ತೆಗೆದು ತೋರಿಸಿದರು. "ಹೆಚ್ಚೆಂದರೆ ಆರು ತಿಂಗಳದ್ದು," ಎಂದರು.

ಆ ಸಂಜೆ ರೇಡಿಯೋ ಹಾಕಲಿಲ್ಲ. ಜಗುಲಿಯಲ್ಲಿ ಕೂತೆ. ಬೀದಿಯಲ್ಲಿ ಹೂ ಮಾರುವವಳು ಕೂಗುತ್ತ ಹೋದಳು; ಆ ಕೂಗು ಎರಡೂ ಕಿವಿಯಲ್ಲಿ ನಿಧಾನವಾಗಿ ತೇಲಿ ಕರಗಿತು. ಆಮೇಲೆ ಎಡಗಡೆಯಿಂದ ಇನ್ನೊಂದು ಸ್ವರ ಬಂತು, ಬಹಳ ಸಣ್ಣದು, ಶ್ರುತಿ ಬಿಡದ್ದು. ತಿರುಗಿದೆ. ಕಮಲ ಮೊರದ ಮೇಲೆ ಬಗ್ಗಿ ಅಕ್ಕಿಯಲ್ಲಿ ಕಲ್ಲು ಆರಿಸುತ್ತ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದಳು.

"ಯಾವಾಗಿನಿಂದ ಹಾಡ್ತಿದ್ದೀಯೇ?" ಎಂದೆ.

"ಮದ್ವೆಯಾಗಿ ಬಂದಾಗಿನಿಂದ," ಎಂದಳು, ತಲೆ ಎತ್ತದೆ. "ಪಾಪ, ನಿಮ್ಗೆ ಗುಗ್ಗೆ ಅಲ್ವೇ!"

ಗುಗ್ಗೆಯ ವಯಸ್ಸು ಆರೇ ತಿಂಗಳೆಂದು ನಾನು ಅವಳಿಗೆ ಇವತ್ತಿನವರೆಗೂ ಹೇಳಿಲ್ಲ.