ಸ್ವೆಟರಿಗೆ ಬಿದ್ದ ಕತ್ತರಿ

"ನನ್ನ ಮಗಳ ಮೈಮ್ಯಾಲ ರೆಡಿಮೇಡ್ ಸ್ವೆಟರ್? ಈ ಶಬ್ಬೀರ ಮಾಸ್ಟರ್ ಜೀವಂತ ಇರೂತನಕ ಆಗೂದಿಲ್ಲ!"

ಹೀಗೆಂದು ನಾನು ಗುಡುಗಿದ್ದು ಜೋಗೇಶ್ವರಿಯ ನಮ್ಮ ಚಾಳಿನ ಖೋಲಿಯಲ್ಲಿ, ಅಕ್ಟೋಬರಿನ ಸೆಕೆಗೆ ಬನಿಯನ್ ತೊಯ್ದು ತೊಪ್ಪೆಯಾಗಿದ್ದಾಗ. ಮಗಳು ಬುಷರಾ ಕಾಲೇಜಿನವರೊಂದಿಗೆ ಮನಾಲಿಗೆ ಹೊರಟಿದ್ದಳು. ಮೊಣಕಾಲು ಮುಟ್ಟುವಷ್ಟು ಉದ್ದ, ಮೈತುಂಬ ಜೋಳದ ಕಾಳಿನಂಥ ಉಬ್ಬು ಹೆಣಿಗೆ, ಕೈ ಬೆಚ್ಚಗಿಡಲು ಎರಡು ಜೇಬು. ಅಂಥ ಸ್ವೆಟರಿನ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದಳು. ಸಫಾರಿ, ಕೋಟು, ಶೇರ್ವಾನಿ ಹೊಲಿದ ಟೇಲರ್ ನಾನು. ಎರಡು ಹೆಣಿಗೆ ಕಡ್ಡಿಗೆ ಹೆದರುತ್ತೇನೆಯೇ?

ಮನೆಯಲ್ಲಿ ಹೆಣಿಗೆ ಬಲ್ಲವಳು ನನ್ನ ಹೆಂಡತಿ ಅಜೀಜಾಬಿ. "ನಾ ಹೆಣೀತೀನಿ, ನೀವು ಅಂಗಡಿ ನೋಡ್ಕೋರಿ" ಅಂದಳು.

"ಮಾಸ್ಟರ್ ಯಾರು?"

"ನೀವ."

"ಹಂಗಾರ ಕಡ್ಡಿ ಇತ್ಲಾಗ ಕೊಡು!"

ಪಾಪ, ಕಲಿಸಿದಳು. ಒಂದು ಕುಣಿಕೆ ಸೀದಾ, ಒಂದು ಉಲ್ಟಾ. ಕೈ ಪಳಗಲೆಂದು ಮೊದಲು ಎರಡು ಜೇಬು ಹೆಣೆದೆ. ಏನು ಅಚ್ಚುಕಟ್ಟು! ಆಮೇಲೆ ನನ್ನನ್ನು ತಡೆಯುವವರು ಯಾರು? ಅಂಗಡಿಯಲ್ಲಿ ಹೆಣೆದೆ, ಲೋಕಲ್ ರೈಲಿನಲ್ಲಿ ನಿಂತು ಹೆಣೆದೆ. ಕಾಂದಿವಲಿಯಲ್ಲಿ ಇಳಿದವನೊಬ್ಬನ ಬ್ಯಾಗಿಗೆ ಉಣ್ಣೆ ಸಿಕ್ಕಿಕೊಂಡು, ಅವನ ಹಿಂದೆ ಪ್ಲಾಟ್‌ಫಾರ್ಮಿನುದ್ದಕ್ಕೂ ಓಡಿದೆ. ಕಡ್ಡಿ ಮಾತ್ರ ಬಿಡಲಿಲ್ಲ!

"ಬೆನ್ನು ಬ್ಯಾರೆ, ಎದಿ ಬ್ಯಾರೆ, ತೋಳು ಬ್ಯಾರೆ ಹೆಣೀಬೇಕ್ರೀ" ಎಂದು ಅಜೀಜಾಬಿ ಬಡಕೊಂಡಳು.

"ಬಟ್ಟಿ ಅಂದ್ರ ಒಂದ ಉದ್ದನ್ನ ಥಾನಿನ್ಯಾಗ ಬರ್ತೈತಿ. ಮೊದಲ ಥಾನು, ಆಮ್ಯಾಲ ಕಟಿಂಗ್. ನನಗ ಕಲಸ್ತಿ?"

"ಇದು ಬಟ್ಟಿ ಅಲ್ರೀ, ಹೆಣಿಗಿ! ಕತ್ರಿ ತಾಗಿಸಬ್ಯಾಡ್ರಿ!"

ಬುಷರಾ ಹೊರಡುವ ಹಿಂದಿನ ದಿನ ನನ್ನ ಉಣ್ಣೆಯ ಥಾನು ಮುಗಿಯಿತು. ಅಜೀಜಾಬಿ ಬಜಾರಿಗೆ ಹೋದದ್ದೇ ತಡ, ಅದನ್ನು ನೆಲಕ್ಕೆ ಹಾಸಿ, ಸೀಮೆಸುಣ್ಣದಿಂದ ಗೆರೆ ಎಳೆದು, ಬಿಸ್ಮಿಲ್ಲಾ ಎಂದು ಕತ್ತರಿ ಹಾಕಿದೆ. ಎಂಥ ಕಟಿಂಗ್! ಬಗಲಿನ ಅಂಚಿನಲ್ಲಿ ಒಂದು ಎಳೆ ಜೋತಾಡುತ್ತಿತ್ತು. ಜೋತಾಡುವ ದಾರ ಕಂಡರೆ ಟೇಲರ್ ಸುಮ್ಮನಿರುತ್ತಾನೆಯೇ? ಎಳೆದೆ. ಬಂತು. ಬಂತು ಅಂದರೆ, ಬರುತ್ತಲೇ ಇತ್ತು! ಇನ್ನೊಂದು ಎಳೆಯನ್ನು ಹಲ್ಲಿನಿಂದ ಕಡಿದೆ. ಅದರ ಹಿಂದೆ ಅದರ ಅಣ್ಣತಮ್ಮಂದಿರೆಲ್ಲ ಹೊರಟರು. ಹೊಲಿಗೆ ಹಾಕಿ ತಡೆಯೋಣವೆಂದು ಮನೆಯ ಹಳೇ ಮಷೀನಿಗೆ ಕೊಟ್ಟರೆ, ಅದು ಒಂದಿಡೀ ತೋಳನ್ನು ನುಂಗಿ ನಿಂತುಬಿಟ್ಟಿತು.

ಅಜೀಜಾಬಿ ಬಂದಾಗ ನಾನು ಸೊಂಟದ ತನಕ ಉಣ್ಣೆಯೊಳಗೆ ಕೂತಿದ್ದೆ.

"ಸ್ವೆಟರ್ ಎಲ್ಲೈತ್ರೀ?"

"ಜೇಬು ಎರಡೂ ಗಟ್ಟಿ ಅದಾವ" ಅಂದೆ.

ಅವಳು ನಗಲಿಲ್ಲ. "ನಿಮ್ಮ ಹಟಕ್ಕ ಮಗಳು ಥಂಡ್ಯಾಗ ನಡುಗಬೇಕೇನು?" ಅಂದಳು.

ಕತ್ತರಿಯನ್ನು ಅವಳು ಕಪಾಟಿನೊಳಗಿಟ್ಟು ಕೀಲಿ ಹಾಕಿದಳು. ನಾನು ತಲೆ ತಗ್ಗಿಸಿಕೊಂಡು ಹೋಗಿ ರೆಡಿಮೇಡ್ ಸ್ವೆಟರು ತಂದೆ. ಅಲ್ಲಾಹ್ ದೊಡ್ಡವನು, ಅದಕ್ಕೆ ಜೇಬೇ ಇರಲಿಲ್ಲ! ಮರುದಿನ ಕೈಹೊಲಿಗೆ ಹಾಕಿ ನನ್ನ ಜೇಬುಗಳನ್ನು ಕೂರಿಸಿದೆ. ಒಂದರ ತುದಿಯ ದಾರ ಇನ್ನೂ ಹೊರಗೆ ಜೋತಾಡುತ್ತಿತ್ತು. "ಅದನ್ನ ಒಳಗ ಸೇರಿಸಬೇಕ್ರೀ" ಅಂದಳು ಅಜೀಜಾಬಿ. ಅಷ್ಟರಲ್ಲಿ ಬುಷರಾಳ ಗಾಡಿಗೆ ಹೊತ್ತಾಗಿತ್ತು.

ಬುಷರಾ ಹೋದ ಮೇಲೆ ಚಾಳಿನ ಪ್ರತಿ ಬಾಗಿಲಿಗೂ ನಿಂತು ಹೇಳಿದೆ: "ಸ್ವೆಟರ್ ಏನ್ರೀ, ಯಾರ್ ಬೇಕಾದ್ರೂ ಹೆಣೀತಾರ. ಜೇಬು ಹೆಣೀಲಿ ನೋಡೋಣು!" ಹಾಗಾಗಿ ಮನಾಲಿಯಿಂದ ಫೋನು ಬಂದಾಗ ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದೆ.

"ಹೇಳು ಬೇಟಾ, ಜೇಬು ನೋಡಿ ಎಲ್ಲಾರೂ ಏನಂದ್ರು?"

"ಅಬ್ಬಾಜಾನ್, ಜೇಬ್ ಹತ್ರ ಒಂದು ದಾರ ಲಟಕ್ತಾ ಇತ್ತು..."

"ಮುಟ್ಟಬ್ಯಾಡ!"

"ಕಟ್ ಮಾಡ್ದೆ ನಾ. ಹಲ್ಲಿಂದ. ನೀವು ಮಾಡ್ತೀರಲ್ಲ, ವೈಸೇಹೀ. ಆಮೇಲೆ ಸ್ವಲ್ಪ ಎಳ್ದೆ... ಅಬ್ಬಾ, ಈಗ ಜೇಬ್ ಇಲ್ಲ."

ಚಾಳೆಲ್ಲ ಗೊಳ್ಳೆಂದಿತು. ಅಜೀಜಾಬಿ ಹಣೆ ಹಣೆ ಬಡಿದುಕೊಂಡಳು.

"ಕತ್ರಿಗೇನೋ ಕೀಲಿ ಹಾಕಿದೆ. ಈ ಮನಿತನದ ಹಲ್ಲಿಗೆ ಕೀಲಿ ಎಲ್ಲಿಂದ ತರ್ಲಿ!"